ತಂಬು ಒಂದು ಕಡೆ, ಶಿಖರ ಇನ್ನೊಂದು ಕಡೆ

ಬರೋಡಾ: ಕರಾರು

ಪರದೇಶಕ್ಕೆ ಹೋಗಿ ಬಂದವರು ಹಡಗು, ವಿಮಾನ, ಹಿಮ ಬೀಳುವ ಊರು ಎಂದೆಲ್ಲ ಬರೆಯುತ್ತಾರೆ. ನನ್ನ ಪರದೇಶ ಗುಜರಾತ್. ಧಾರವಾಡದಲ್ಲಿ ಗಾಡಿ ಹತ್ತಿ, ಪುಣೆಯಲ್ಲೊಮ್ಮೆ ಮುಂಬೈಯಲ್ಲೊಮ್ಮೆ ಇಳಿದು ಹತ್ತಿ, ಮೂರನೆಯ ದಿನ ಕಣ್ಣುಜ್ಜುತ್ತ ಇಳಿದರೆ ಬರೋಡಾ. ಭಾಷೆ ಬೇರೆ, ಊಟ ಬೇರೆ, ಹೆಂಗಸರ ಸೆರಗು ಕೂಡ ಹಿಂದಿನಿಂದ ಮುಂದಕ್ಕೆ ಬರುತ್ತದೆ. ಇಷ್ಟಾದ ಮೇಲೆ ಪರದೇಶ ಅನ್ನಲಿಕ್ಕೆ ಇನ್ನೇನು ಬೇಕು?

ನಮ್ಮವರು ರೈಲ್ವೆಯ ಸಿಗ್ನಲ್ ವಿಭಾಗದವರು. ಗುಜರಾತ್ ಬೇರೆ ರಾಜ್ಯವಾದ ಹೊಸತರಲ್ಲಿ ಅವರಿಗೆ ಇಲ್ಲಿಗೆ ವರ್ಗವಾಯಿತು. ಅವರ ಕಿರಿಯ ತಂಗಿ ಇಂದಿರಾ, ಮನೆಯಲ್ಲಿ ನಮಗೆ ಇಂದು, ನಮ್ಮ ಜೊತೆಗೇ ಬಂದಳು. ಅತ್ತೆ ಮಾವ ಇಬ್ಬರೂ ತೀರಿಕೊಂಡಿದ್ದರಿಂದ ಆಕೆ ನಮ್ಮ ಕೈಯಲ್ಲೇ ಬೆಳೆದವಳು. ಅದೇ ಊರಿನ ಫತೇಗಂಜಿನ ಹಾಸ್ಟೆಲಿನಲ್ಲಿದ್ದು ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಗಿಡ ಹುಡುಕಿಕೊಂಡು ಹೋದ ಹುಡುಗಿಗೆ ಗುಡ್ಡದ ಹುಚ್ಚು ಹಿಡಿಯಿತು. ಡಿಸೆಂಬರಿನ ಒಂದು ರವಿವಾರ ಮನೆಗೆ ಬಂದವಳು ಅಣ್ಣನ ಮುಂದೆ ಒಂದು ಫಾರ್ಮು ಇಟ್ಟಳು. ಹಿಮಾಲಯದಲ್ಲಿ ಹುಡುಗಿಯರಿಗೆ ಪರ್ವತಾರೋಹಣದ ತರಬೇತಿ, ನಾಲ್ಕು ವಾರ. ಎಲ್ಲ ತುಂಬಿದ್ದಳು. ಖಾಲಿ ಉಳಿದದ್ದು ಪಾಲಕರ ಸಹಿ ಮಾತ್ರ. ಜನವರಿಯ ಮೊದಲ ವಾರದೊಳಗೆ ಅದು ಅಲ್ಲಿ ತಲುಪಬೇಕಿತ್ತು.

ನಮ್ಮವರು ಫಾರ್ಮನ್ನು ಎರಡು ಸಲ ಓದಿದರು. ಬೇಡ ಅನ್ನುವ ಧೈರ್ಯ ಅವರಿಗಿಲ್ಲ, ಹೂಂ ಅನ್ನುವ ಮನಸ್ಸೂ ಇಲ್ಲ. ಹೀಗಾದಾಗಲೆಲ್ಲ ಅವರು ಕರಾರು ಹಾಕುತ್ತಾರೆ.

"ಯಾವುದರೆ ಗುಡ್ಡದ ಬುಡಕ ಒಂದು ರಾತ್ರಿ ತಂಬಿನಾಗ ಮಲಗ್ರಿ. ಮುಂಜಾನೆ ಎದ್ದು ಅದ ಗುಡ್ಡದ ತುದಿ ಮುಟ್ಟಿ ಬರ್ರಿ. ಜೋಡಿಗೆ ನಿನ್ನ ವೈನಿ ಇರಬೇಕು. ಆಮ್ಯಾಲ ಸಹಿ ಮಾತು," ಎಂದು ನನ್ನ ಕಡೆ ನೋಡಿ ನಕ್ಕರು.

ಆ ನಗೆ ನನಗೆ ಚುಚ್ಚಿತು. ನಾನು ಬರುವುದಿಲ್ಲ, ಅಲ್ಲಿಗೆ ವಿಷಯ ಮುಗಿಯುತ್ತದೆ ಎಂಬ ಲೆಕ್ಕ ಅವರದು. ತಪ್ಪು ನನ್ನದೂ ಇತ್ತು ಬಿಡಿ. ಚಿಕ್ಕವಳಿದ್ದಾಗ ಯಲ್ಲಮ್ಮನ ಗುಡ್ಡವನ್ನು ಬರಿಗಾಲಲ್ಲಿ ಓಡುತ್ತ ಹತ್ತಿದವಳು ನಾನು ಎಂದು ಮದುವೆಯಾದಂದಿನಿಂದ ಜಂಬ ಕೊಚ್ಚಿಕೊಂಡೇ ಬಂದಿದ್ದೆ. ಅದರಲ್ಲಿ ಮುಕ್ಕಾಲು ದಾರಿ ಚಕ್ಕಡಿಯಲ್ಲಿ ಹೋಗಿದ್ದು ಯಾರಿಗೂ ಗೊತ್ತಿರಲಿಲ್ಲ.

"ನಾ ಯಾಕ ಬರೂದಿಲ್ಲ? ಯಾವಾಗ ಹೊರಡೋಣು ಹೇಳು, ಇಂದೂ," ಎಂದೆ.

ಪಕ್ಕದ ಕ್ವಾರ್ಟರ್ಸಿನವರು ಪಾವಾಗಢದ ಗುಡ್ಡ ಹತ್ತಿರ ಇದೆಯಲ್ಲ, ಧರ್ಮಶಾಲೆಯೂ ಇದೆ ಎಂದರು. ನಮ್ಮವರು ಒಪ್ಪಲಿಲ್ಲ. "ಅಲ್ಲಿ ತುದೀತನಕ ಮೆಟ್ಟಲ ಅವ. ಅದು ಗುಡ್ಡ ಅಲ್ಲ, ಮಾಳಿಗಿ," ಎಂದುಬಿಟ್ಟರು.

ಅಹಮದಾಬಾದ್: ತಂಬು

ಗುಡ್ಡಗಳು ಬೇಕಾದಷ್ಟಿದ್ದವು. ತಂಬು ಎಲ್ಲಿಂದ ತರಬೇಕು? ಬರೋಡಾದ ಮಂಟಪದ ಅಂಗಡಿಯವನು ಇನ್ನೂರು ಜನ ಕೂತು ಉಣ್ಣುವ ಶಾಮಿಯಾನ ತೋರಿಸಿದ. ಕೆಂಪು ಹಳದಿ ಹೂಗಳು, ಕನ್ನಡಿ ಚೂರುಗಳು. ಇದಕ್ಕಿಂತ ಸಣ್ಣದು ಬೇಕು ಎಂದರೆ, ಮದುಮಗಳ ಕಡೆಯ ಜನ ಅಷ್ಟು ಕಡಿಮೆಯೇ ಎಂದು ಮರುಗಿದ.

ಹಾಗಾಗಿ ಅಹಮದಾಬಾದಿಗೆ ಹೋದೆವು. ಸಾಬರಮತಿಯ ದಂಡೆಯಲ್ಲಿ ರವಿವಾರಕ್ಕೊಮ್ಮೆ ಹಳೆಯ ಸಾಮಾನುಗಳ ಸಂತೆ ಕೂಡುತ್ತದೆ. ಬಾಗಿಲಿಲ್ಲದ ಕಪಾಟು, ಕಪಾಟಿಲ್ಲದ ಬಾಗಿಲು, ಒಂದೇ ಕಾಲಿನ ಬೂಟು, ಎಲ್ಲವೂ ಅಲ್ಲಿವೆ. ಅವುಗಳ ನಡುವೆ ಒಬ್ಬ ಮುದುಕ ಹಸಿರು ಕ್ಯಾನ್ವಾಸಿನ ಗಂಟೊಂದರ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಇಂದು ಅವನನ್ನು ನೋಡಲಿಲ್ಲ, ಗಂಟನ್ನು ನೋಡಿದಳು. ಅದು ಮಿಲಿಟರಿಯವರು ಬಳಸಿ ಬಿಟ್ಟ ಇಬ್ಬರ ತಂಬು.

ಮುದುಕ ಏಳಲೊಲ್ಲ. ನಮ್ಮ ಹಿಂದೆ ಮುಂದೆ ನೋಡಿ, "ಬೆನ್, ಗಂಡಸರು ಎಲ್ಲಿ?" ಎಂದು ಕೇಳಿದ. ಇಲ್ಲ ಎಂದೆ. "ತಂಬು ಯಾರಿಗೆ?" ನಮಗೇ ಎಂದೆ. "ಮನೆ ಸುಟ್ಟುಹೋಯಿತೆ?" ಎಂದ, ಬಹಳ ಕಕ್ಕುಲಾತಿಯಿಂದ. ಇಲ್ಲವೆಂದು ನಂಬಿಸುವಷ್ಟರಲ್ಲಿ ಅವನ ಚಹಾ ಆರಿಹೋಗಿತ್ತು. ಕೊನೆಗೆ ನಮ್ಮ ಮೇಲೆ ಕನಿಕರಪಟ್ಟು ಗೂಟಗಳನ್ನು ಪುಕ್ಕಟೆ ಕೊಟ್ಟ.

ಆ ದಿನ ಊರ ಹೊರಗಿನ ನರೋಡಾದಲ್ಲಿ ನನ್ನ ಗೆಳತಿ ಕಮಲಾಳ ಮನೆಯಲ್ಲಿ ಉಳಿದೆವು. ಆಕೆಯ ಗಂಡ ಅಲ್ಲಿನ ಹೊಸ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ಹಿತ್ತಲಿನಲ್ಲಿ ತಂಬು ಹಾಕುವ ಅಭ್ಯಾಸ ಮಾಡಿದೆವು. ಮೂರು ಸಲ ನಿಂತಿತು, ನಾಲ್ಕು ಸಲ ಬಿತ್ತು. ಹೆಚ್ಚಿನದೊಂದು ಸಲ ಹೇಗೆ ಬಿತ್ತು ಎಂದು ಕೇಳಬೇಡಿ, ಒಳಗೆ ನಾನಿದ್ದೆ. ಗುಜರಾತಿನಲ್ಲೇ ಹುಟ್ಟಿದ ಕಮಲಾಳ ಮಗಳು ಕನ್ನಡವನ್ನು ತಡಕಾಡಿ, "ಆಂಟಿ, ನಿಮ್ಮ ಘರ್ ನಿಮ್ಮ ಮೇಲೆ ಬಿದ್ದಾ!" ಎಂದು ಚಪ್ಪಾಳೆ ತಟ್ಟಿದಳು. ಕಮಲಾ ನಕ್ಕು ನಕ್ಕು ಅಲ್ಲೇ ಕೂತುಬಿಟ್ಟಳು.

ಈಡರ್: ಶಾಂತಾಬೆನ್

ಅಹಮದಾಬಾದಿನಿಂದ ಬಸ್ಸಿನಲ್ಲಿ ಈಡರಿಗೆ ಹೋಗಿ ಇಳಿದಾಗ ನನಗೆ ಹಂಪಿಗೇ ಬಂದಂತಾಯಿತು. ಅದೇ ಬಂಡೆಗಳು, ಒಂದರ ಮೇಲೊಂದು, ಈಗ ಬೀಳುತ್ತವೋ ಆಗ ಬೀಳುತ್ತವೋ ಎಂಬಂತೆ. ಇಲ್ಲೂ ಮೆಟ್ಟಿಲುಗಳಿವೆ, ಆದರೆ ಅವು ನಡುದಾರಿಯಲ್ಲೇ ಕೈಬಿಡುತ್ತವೆ. ಕರಾರಿಗೆ ಇಷ್ಟು ಸಾಕೆಂದು ಇಂದು ಹೇಳಿದಳು.

ದಾರಿ ಶುರುವಾಗುವಲ್ಲಿ ಬೇವಿನ ಮರದ ಕೆಳಗೆ ಸಂಜೆಗೆ ಮುಂಚೆಯೇ ತಂಬು ಹಾಕಿದೆವು. ಒಂದೇ ಏಟಿಗೆ ನಿಂತಿತು. ಸ್ಟೋವು ಹಚ್ಚಿ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಆಗ ತಲೆಯ ಮೇಲೆ ಎರಡು ತಾಮ್ರದ ಕೊಡ ಹೊತ್ತ ಹೆಂಗಸೊಬ್ಬಳು ನಮ್ಮ ಮುಂದೆ ನಿಂತಳು. ಹೆಸರು ಶಾಂತಾಬೆನ್ ಎಂದು ಆಮೇಲೆ ತಿಳಿಯಿತು. ಕೊಡ ಇಳಿಸದೆಯೇ ವಿಚಾರಣೆ ಶುರುವಾಯಿತು. ಯಾವೂರು, ಯಾರ ಮನೆಗೆ ಬಂದಿರಿ, ಅವರು ಬಾಗಿಲು ಹಾಕಿಕೊಂಡರೇ?

ಯಾರ ಮನೆಗೂ ಬಂದಿಲ್ಲ, ಇಲ್ಲೇ ಮಲಗುತ್ತೇವೆ ಎಂದೆ. ಶಾಂತಾಬೆನ್‌ಗೆ ಸಿಟ್ಟೇ ಬಂದಿತು.

"ನನ್ನ ಮನೆ ಇಲ್ಲಿ ಕಾಣಿಸ್ತಿದೆ. ಅದರ ಎದುರಿಗೆ ಇಬ್ಬರು ಹೆಂಗಸರು ಮಣ್ಣಲ್ಲಿ ಮಲಗೋದೇ? ನಾಳೆ ಊರವರು ನನ್ನ ಕೈನೀರು ಕುಡೀತಾರೇನು?"

ಇಂದು ತನಗೆ ಗೊತ್ತಿದ್ದ ಗುಜರಾತಿಯನ್ನೆಲ್ಲ ಖರ್ಚು ಮಾಡಿದಳು. ತರಬೇತಿ, ಫಾರ್ಮು, ಅಣ್ಣನ ಕರಾರು, ಎಲ್ಲವನ್ನೂ ಹೇಳಿದಳು. ಶಾಂತಾಬೆನ್ ತಾಳ್ಮೆಯಿಂದ ಕೇಳಿ, "ಸರಿ, ಉಂಡು ಬಂದು ಮಲಗಿ," ಎಂದಳು. ಇಲ್ಲೇ ನಾವು ಕೆಟ್ಟೆವು. ಗುಜರಾತಿನಲ್ಲಿ ಉಂಡು ಬರುವುದು ಎಂಬುದಿಲ್ಲ, ಉಣ್ಣಲಿಕ್ಕೆ ಹೋಗುವುದಷ್ಟೇ ಇದೆ. ಬಾಜ್ರಾ ರೊಟ್ಟಿ, ಬದನೆಕಾಯಿ, ಬೆಲ್ಲ, ಬೆಣ್ಣೆ, ಮೇಲೆ ಮಜ್ಜಿಗೆ. ನಮ್ಮ ಕಡೆ ಎರಡು ಸಲ ಬೇಡ ಎಂದರೆ ಮೂರನೆಯ ಸಲ ಕೇಳುವುದಿಲ್ಲ. ಇಲ್ಲಿ ಮೂರನೆಯದರಿಂದಲೇ ಶುರು. ಊಟವಾದ ಮೇಲೆ ನಡುಮನೆಯ ಉಯ್ಯಾಲೆಯ ಮೇಲೆ ಕೂರಿಸಿ ತೂಗಿದರು. ಹೊಟ್ಟೆ ಭಾರ, ಉಯ್ಯಾಲೆ ಹಗುರ. ನಾನು ಕೂತಲ್ಲೇ ನಿದ್ದೆಹೋದೆ, ಇಂದುವೂ.

ಕಣ್ಣು ಬಿಟ್ಟಾಗ ಬೆಳಗಾಗಿತ್ತು. ತಂಬಿನಲ್ಲಿ ಊರ ನಾಯಿಯೊಂದು ಮಲಗಿ, ನಮ್ಮ ಪಾಲಿನ ಕರಾರನ್ನು ತಾನು ಪೂರೈಸಿತ್ತು.

ಬಂದದ್ದಾಯಿತು ಎಂದು ಗುಡ್ಡ ಹತ್ತಿದೆವು. ಅತ್ತೆಯ ಹಳೆಯ ಒಂಬತ್ತು ಗಜದ ಸೀರೆಯನ್ನು ಕಚ್ಚೆ ಹಾಕಿ ಉಟ್ಟಿದ್ದೆ. ಬಂಡೆ ಏರಲಿಕ್ಕೆ ಅದರಂಥ ಉಡುಪು ಬೇರೆ ಇಲ್ಲ. ತುದಿಯ ಹತ್ತಿರ ಒಂದು ಪಾಳು ಕಟ್ಟಡವಿದೆ, ಗಂಡನ ಮೇಲೆ ಮುನಿಸಿಕೊಂಡ ರಾಣಿಯೊಬ್ಬಳು ಇದ್ದ ಮಹಲಂತೆ. ಒಂದು ಮುನಿಸಿಗೆ ಒಂದು ಮಹಲು ಸಿಗುವುದಾದರೆ ನನಗೆ ಇಷ್ಟೊತ್ತಿಗೆ ಒಂದು ಊರೇ ಇರುತ್ತಿತ್ತು. ಅದಕ್ಕೂ ಮೇಲಿನ ಬಂಡೆಯನ್ನು ಮುಟ್ಟಿದೆವು. ನನ್ನ ಜಂಬ ಇನ್ನಷ್ಟು ಬೆಳೆಯಿತು.

"ಇಲ್ಲಿಗೇ ಮುಗಿಸೋಣೇನು? ತಂಬಿನಾಗ ಮಲಗಿದ್ವಿ ಅಂದ್ರ ನಿಮ್ಮ ಅಣ್ಣ ಏನು ನಾಯೀನ್ನ ಕೇಳ್ತಾರ?" ಎಂದೆ.

ಇಂದು ನಗಲಿಲ್ಲ. "ಸುಳ್ಳು ಹೇಳಿ ಸಹಿ ತಗೊಂಡು, ನಾಳೆ ಹಿಮಾಲಯದಾಗ ಕಾಲು ಜಾರಿದ್ರ ಅಣ್ಣಗ ಏನಂತ ಮಾರಿ ತೋರಿಸ್ಲಿ, ವೈನಿ?" ಎಂದಳು. ನಾನು ತಂಬು ಸುತ್ತಲಿಕ್ಕೆಂದು ಕೆಳಗಿಳಿದೆ. ಇಂದುವಿನ ಕಾಲೇಜಿನ ರಜೆಯಲ್ಲಿ ಇನ್ನು ಐದು ದಿನ ಉಳಿದಿದ್ದವು.

ಸೂರತ್: ನಕಾಶೆ

ಇಂದುವಿನ ಹಾಸ್ಟೆಲಿನ ಗೆಳತಿಯ ಸೋದರಮಾವ ಜಶುಭಾಯಿ ಸೂರತ್ತಿನಲ್ಲಿ ಶಾಲಾ ಮಾಸ್ತರು. ಹುಡುಗರನ್ನು ಕಾಡುಮೇಡು ಸುತ್ತಿಸುವ ಚಟದವರು. ತಂಬು ಹಾಕಲಿಕ್ಕೆ ತಕ್ಕ ಜಾಗ, ಅಡ್ಡ ಬರುವ ಶಾಂತಾಬೆನ್ ಇಲ್ಲದ ಜಾಗ, ಅವರಿಗೇ ಗೊತ್ತಿರಬೇಕೆಂದು ಸೂರತ್ತಿಗೆ ಹೊರಟೆವು.

ಉಂಡರೆ ಸೂರತ್ತಿನಲ್ಲಿ ಉಣ್ಣಬೇಕು, ಸತ್ತರೆ ಕಾಶಿಯಲ್ಲಿ ಸಾಯಬೇಕು ಎಂದು ಗುಜರಾತಿಗಳು ಹೇಳುತ್ತಾರೆ. ಜಶುಭಾಯಿಯವರ ಹೆಂಡತಿ ಎಳೆಯ ಹಸಿರು ಕಾಳುಗಳನ್ನು ತಟ್ಟೆಯಲ್ಲಿ ಸುರಿದು, ಮೇಲೆ ಸೇವು ಉದುರಿಸಿ, ಪೊಂಕ್ ಎಂದು ಕೊಟ್ಟರು. ಬಾಯಿಗೆ ಹಾಕಿದೆ. ಸೀತನಿ! ನಮ್ಮೂರ ಹೊಲದಲ್ಲಿ ಜೋಳದ ತೆನೆ ಸುಟ್ಟು, ಕೈಯಲ್ಲೇ ಉಜ್ಜಿ ಉದುರಿಸಿ ತಿನ್ನುವ ಅದೇ ಸೀತನಿ, ಇಲ್ಲಿ ನಿಂಬೆಹಣ್ಣು ಸಕ್ಕರೆಗಳ ಜೊತೆ ಮೆರೆಯುತ್ತಿತ್ತು. ನನ್ನ ಕಣ್ಣು ತುಂಬಿ ಬಂದವು. ಖಾರ ಹೆಚ್ಚಾಯಿತೇ ಎಂದು ಆಕೆ ಗಾಬರಿಯಾದರು. ಊರು ನೆನಪಾಯಿತು ಎಂದೆ. ಇನ್ನೊಂದು ತಟ್ಟೆ ಬಂತು.

ಜಶುಭಾಯಿ ಕ್ಯಾಲೆಂಡರಿನ ಹಾಳೆಯ ಹಿಂಬದಿಗೆ ನಕಾಶೆ ಬರೆದರು. ಬಿಲಿಮೋರಾದಿಂದ ಸಣ್ಣ ರೈಲುಗಾಡಿ, ಅದು ಮುಗಿಯುವಲ್ಲಿಂದ ಬಸ್ಸು, ಬಸ್ಸು ಬಿಟ್ಟರೆ ಎರಡು ಮೈಲಿ ನಡಿಗೆ. ಡಾಂಗ್ ಕಾಡಿನ ನಡುವೆ ಒಂದು ಹಳ್ಳಿ, ಪಕ್ಕದಲ್ಲಿ ಹಳ್ಳ, ಮೇಲೊಂದು ಗುಡ್ಡ. "ತಂಬಿಗೆ ಯಾರೂ ಬೇಡ ಅನ್ನೋದಿಲ್ಲ. ಅಲ್ಲಿ ತಂಬು ಅಂದರೆ ಮರ್ಯಾದೆ," ಎಂದರು. ಆ ಮಾತಿನ ಅರ್ಥ ನನಗೆ ಆಗ ಹೊಳೆಯಲಿಲ್ಲ.

ಡಾಂಗ್: ಸರ್ಕಾರಿ ಸವಾರಿ

ಬಿಲಿಮೋರಾದ ಸಣ್ಣ ಗಾಡಿಯ ಬಗ್ಗೆ ನಮ್ಮವರ ಇಲಾಖೆಯ ಮಾನ ಕಾಯಲು ಹೆಚ್ಚು ಬರೆಯುವುದಿಲ್ಲ. ನಡುವೆ ಇಳಿದು ಬೋರೆಹಣ್ಣು ಆಯ್ದುಕೊಂಡು ಮತ್ತೆ ಅದೇ ಡಬ್ಬಿ ಹತ್ತಿದವರನ್ನು ಕಣ್ಣಾರೆ ಕಂಡೆ ಎಂದರೆ ಸಾಕು. ಟಿಕೆಟ್ ನೋಡುವವರು ನಮ್ಮ ಗಂಟನ್ನು ಒತ್ತಿ ನೋಡಿ, "ಸರ್ಕಸ್ಸಿನವರೇ?" ಎಂದು ಆಸೆಯಿಂದ ಕೇಳಿದರು.

ಹಳ್ಳಿ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ಹಳ್ಳದ ದಂಡೆಯಲ್ಲಿ ಗಂಟು ಬಿಚ್ಚಿದ್ದೇ ತಡ, ನಾಲ್ಕು ಜನ ಓಡಿಬಂದರು. ಮುಂದಿದ್ದವನು ಊರಿನ ಪಾಟೀಲ, ಬಿಳಿ ಮೀಸೆ, ತಲೆಗೆ ಕೆಂಪು ರುಮಾಲು. ಅವರ ಮಾತು ಅರ್ಧ ಮರಾಠಿಯಂತಿತ್ತು. ಧಾರವಾಡದವಳಿಗೆ ಅಷ್ಟು ಸಾಕು, ನನಗೆ ಎಲ್ಲ ತಿಳಿಯುತ್ತಿತ್ತು.

"ಇಲ್ಲಲ್ಲ, ಬಾಯಿಸಾಹೇಬ. ತಂಬು ಅಲ್ಲಿ, ಹಿಪ್ಪೆ ಮರದ ಕೆಳಗೆ. ಬಾಗಿಲು ಪೂರ್ವಕ್ಕೆ," ಎಂದು ಪಾಟೀಲ ನಮ್ಮ ಕೈಯಿಂದ ಹಗ್ಗ ತೆಗೆದುಕೊಂಡ. ನಾವು ಇಷ್ಟು ದಿನ ಒದ್ದಾಡಿದ ತಂಬು ಆ ನಾಲ್ವರ ಕೈಯಲ್ಲಿ ಚಣದಲ್ಲಿ ನಿಂತಿತು. ಆಮೇಲೆ ಸೌದೆ ಬಂತು, ನೀರು ಬಂತು, ಕಾಲು ಕಟ್ಟಿದ ಎರಡು ಕೋಳಿ ಬಂದವು. ಕೊನೆಗೆ ಹತ್ತು ಹನ್ನೆರಡು ಜನ ಬಂದು ದೂರದಲ್ಲಿ ಸಾಲಾಗಿ ಕುಕ್ಕರುಗಾಲಲ್ಲಿ ಕೂತರು. ಕೆಲವರ ಕೈಯಲ್ಲಿ ಮಡಚಿದ ಕಾಗದಗಳು.

ಆಗ ನನಗೆ ಜಶುಭಾಯಿಯ ಮಾತಿನ ಅರ್ಥವಾಯಿತು. ಈ ಕಾಡಿನಲ್ಲಿ ತಂಬು ಹಾಕುವವರು ಸರ್ಕಾರದವರು ಮಾತ್ರ. ಜಮೀನು ಅಳೆಯುವವರು, ಮರ ಎಣಿಸುವವರು, ಮಲೇರಿಯಾದ ಔಷಧಿ ಹೊಡೆಯುವವರು. ತಂಬು ನಿಂತಿತೆಂದರೆ ಸಾಹೇಬರ ಸವಾರಿ ಬಂತು.

ನಾವು ಸರ್ಕಾರದವರಲ್ಲ ಎಂದು ಹೇಳಿದೆ. ಪಾಟೀಲ ತಲೆಯಾಡಿಸಿದ. ಗುಡ್ಡ ಹತ್ತಲಿಕ್ಕೆ ಬಂದವರು ಎಂದೆ. ಮತ್ತೆ ತಲೆಯಾಡಿಸಿದ. "ಯಾರು ಕಳಿಸಿದರು?" ಎಂದು ಕೇಳಿದ. ಯಾರೂ ಇಲ್ಲ. "ಸಂಬಳ?" ಇಲ್ಲ. ಪಾಟೀಲ ಹಿಂದಕ್ಕೆ ತಿರುಗಿ ತನ್ನವರಿಗೆ ಏನೋ ಹೇಳಿದ. ಎಲ್ಲರೂ ಗೌರವದಿಂದ ನಕ್ಕರು. ದೊಡ್ಡ ಸಾಹೇಬರು ಬಂದ ಕೆಲಸ ಹೇಳುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಅರ್ಜಿಯ ಕಾಗದ ತಂದವರಿಗೆ ಕೈಮುಗಿದು, ಇದು ನಮ್ಮ ಕೈಯಲ್ಲಿಲ್ಲ ಎಂದು ಒಬ್ಬೊಬ್ಬರಿಗೂ ಹೇಳಿ ಕಳಿಸುವಾಗ ನನಗೆ ನಿಜಕ್ಕೂ ನಾಚಿಕೆಯಾಯಿತು. ಆಟಕ್ಕೆಂದು ಬಂದವರು ನಾವು, ಅವರು ಕೆಲಸ ಬಿಟ್ಟು ಬಂದಿದ್ದರು. ಕೋಳಿಗಳ ಕಾಲು ಬಿಚ್ಚಿಸಿದೆ. ಬದಲಿಗೆ ಪಾಟೀಲನ ಹೆಂಡತಿ ರಾಗಿ ರೊಟ್ಟಿ, ಮೆಣಸಿನಕಾಯಿ ಚಟ್ನಿ ಕೊಟ್ಟಳು. ಜೋಳ ಬಿಟ್ಟರೆ ಬೇರೆ ರೊಟ್ಟಿಯೇ ಅಲ್ಲ ಎನ್ನುವ ನಾನು ಎರಡು ತಿಂದೆ. ತಂಬಿನ ಹೊರಗೆ ಬೆಂಕಿ ಹಾಕಿ ಇಬ್ಬರು ಕಾವಲು ಕೂತರು. ಹಾಗಾಗಿ ಆ ರಾತ್ರಿ ನಾವು ತಂಬಿನಲ್ಲಿ ಮಲಗಿದೆವು, ಚೆನ್ನಾಗಿಯೂ ಮಲಗಿದೆವು.

ಬೆಳಿಗ್ಗೆ ಪಾಟೀಲ ದಾರಿ ತೋರಿಸುತ್ತ ಬಂದ. ಗುಡ್ಡದ ಹೆಗಲಿನವರೆಗೆ ಬಂದು, ಒಂದು ಮರದ ಕೆಳಗೆ ಕೂತು ಬೀಡಿ ಹಚ್ಚಿದ. "ಅಳತೆ ನಿಮ್ಮ ಕೆಲಸ. ನಾನು ನೋಡೋದಿಲ್ಲ," ಎಂದು ಮುಖ ಆ ಕಡೆ ತಿರುಗಿಸಿದ.

ಅಲ್ಲಿಂದ ಮೇಲೆ ಗುಡ್ಡ ಸಣ್ಣದಾಗುತ್ತ ಹೋಯಿತು. ಎರಡೂ ಕಡೆ ಇಳಿಜಾರು, ನಡುವೆ ಒಂದೇ ಕಾಲು ಹಿಡಿಸುವಷ್ಟು ದಾರಿ, ಒಣಗಿದ ಹುಲ್ಲು ಎಣ್ಣೆ ಸವರಿದಂತೆ ಜಾರುತ್ತಿತ್ತು. ಇಂದು ಮುಂದೆ, ನಾನು ಹಿಂದೆ. ತುದಿಯಲ್ಲಿ ಕುಂಕುಮ ಬಳಿದ ಕಲ್ಲೊಂದು ಕಾಣಿಸಿತು. ಇಂದುವಿಗೆ ಅಲ್ಲಿಗೆ ನಲವತ್ತು ಹೆಜ್ಜೆ ಇದ್ದಿರಬಹುದು. ಆಗ ನಾನು ಕೆಳಗೆ ನೋಡಿದೆ.

ತಂಬು ಒಂದು ಹಸಿರು ಎಲೆಯಷ್ಟಾಗಿತ್ತು. ಇದ್ದಲ್ಲೇ ಕೂತೆ. ಕೂತವಳಿಗೆ ಏಳಲಾಗಲಿಲ್ಲ, ಮುಂದೆ ಆಗದು, ಹಿಂದೆಯೂ ಆಗದು. ಯಲ್ಲಮ್ಮನ ಗುಡ್ಡ ಓಡಿ ಹತ್ತಿದವಳು ಎರಡೂ ಕೈಯಲ್ಲಿ ಹುಲ್ಲು ಹಿಡಿದು, ನಾಚಿಕೆ ಬಿಟ್ಟು, ಅತ್ತುಬಿಟ್ಟೆ.

ಇಂದು ತಿರುಗಿ ನೋಡಿದಳು. ಒಮ್ಮೆ ಮೇಲಿನ ಕಲ್ಲನ್ನೂ ನೋಡಿದಳು, ಅದು ನನಗೆ ಕಾಣಿಸಿತು. ಮರುಗಳಿಗೆ ಇಳಿದು ಬಂದಳು. ನನ್ನನ್ನು ಎಳೆಯಲಿಲ್ಲ, ಹೆದರಬೇಡಿ ಎಂದೂ ಹೇಳಲಿಲ್ಲ. ನನಗಿಂತ ಕೆಳಗೆ ಹೋಗಿ ನಿಂತು, ನನ್ನ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಒಂದು ಕಲ್ಲಿನ ಮೇಲೆ ಊರಿಸಿದಳು.

"ವೈನಿ, ಹೋಳಿಗಿ ಹೂರಣಕ್ಕ ಬ್ಯಾಳಿ ಎಷ್ಟು ಕುದಿಸಬೇಕು?"

"ಈಗ ಹೋಳಿಗಿ ಮಾತೇನ ನಿನ್ನ!"

"ಹೇಳ್ರಿ. ಬ್ಯಾಳಿ ಪೂರಾ ಕರಗಬೇಕೇನು?"

"ಕರಗಿದ್ರ ಅದು ಹೂರಣ ಅಲ್ಲ, ಗಂಜಿ. ಬೆರಳಿನಾಗ ಒತ್ತಿದ್ರ ಒಡೀಬೇಕು, ಅಷ್ಟ."

"ಆಮ್ಯಾಲ? ಈ ಕಾಲು ಇಲ್ಲಿ ಇಡ್ರಿ. ಬೆಲ್ಲ ಯಾವಾಗ ಹಾಕೋದು?"

ಅಡುಗೆಯಲ್ಲಿ ತಪ್ಪು ಕೇಳಿದರೆ ನನಗೆ ಸುಮ್ಮನಿರಲಾಗದು, ಅದು ಆಕೆಗೆ ಗೊತ್ತು. ಬೆಲ್ಲಕ್ಕೆ ಒಂದು ಹೆಜ್ಜೆ, ಏಲಕ್ಕಿಗೆ ಒಂದು ಹೆಜ್ಜೆ. ಕಣಕ ನಾದುವಾಗ ನಾನು ಅವಳನ್ನು ಬೈಯುತ್ತಿದ್ದೆ. ತುಪ್ಪದಲ್ಲಿ ಹೋಳಿಗೆ ಬೇಯುವಷ್ಟರಲ್ಲಿ ಪಾಟೀಲನ ಮರದ ಕೆಳಗೆ ಇದ್ದೆ.

"ಈಗ ನೀ ಹೋಗಿ ಮುಟ್ಟಿ ಬಾ. ನಾ ಇಲ್ಲೇ ಕೂಡ್ತೀನಿ," ಎಂದೆ.

ಆಕೆ ನನ್ನ ಕೈಗಳನ್ನು ನೋಡಿದಳು. ಕಿತ್ತುಬಂದ ಹುಲ್ಲನ್ನು ಅವು ಇನ್ನೂ ಬಿಟ್ಟಿರಲಿಲ್ಲ. "ಬಿಡ್ರಿ ವೈನಿ. ನಿಮ್ಮನ್ನ ಹಿಂಗ ಬಿಟ್ಟು ಹೋಗೂದಿಲ್ಲ. ಬಸ್ಸೂ ತಪ್ಪತದ." ದಾರಿಯಲ್ಲಿ ಮತ್ತೆ ಹೇಳಿದಳು, "ಮುಟ್ಟಲಿಲ್ಲ ಅಂತ ಇಷ್ಟ ಅಣ್ಣಗ ಹೇಳ್ತೀನಿ. ನಿಮ್ಮ ಸುದ್ದಿ ತಗಿಯೂದಿಲ್ಲ."

ಮತ್ತೆ ಬರೋಡಾ: ಸಹಿ

ನಮ್ಮವರು ಎಲ್ಲವನ್ನೂ ಕೇಳಿದರು. ಮುದುಕನ ಚಹಾಕ್ಕೆ ನಕ್ಕರು, ಶಾಂತಾಬೆನ್‌ಗೆ ಇನ್ನೂ ನಕ್ಕರು, ಕೋಳಿಗಳಿಗೆ ಹೊಟ್ಟೆ ಹಿಡಿದುಕೊಂಡರು. ಆಮೇಲೆ ಕನ್ನಡಕ ಒರೆಸಿಕೊಂಡು ಕೇಳಿದರು, "ಹಂಗಾರ ಡಾಂಗಿನ ಗುಡ್ಡ ಮುಟ್ಟಿದ್ರಿ?"

"ಇಲ್ಲಣ್ಣ. ಮುಟ್ಟಲಿಲ್ಲ," ಎಂದಳು ಇಂದು.

"ಯಾಕ?"

ಇಂದು ನೆಲ ನೋಡಿದಳು. ಹೇಳಲಿಲ್ಲ.

"ಅಂದ್ರ ತಂಬು ಒಂದು ಕಡೆ, ಶಿಖರ ಒಂದು ಕಡೆ. ಎರಡೂ ಕೂಡಿ ಆಗಬೇಕಿತ್ತು." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಗ್ನಲ್ಲಿನವರು, ಕೈಮರ ಅರ್ಧ ಇಳಿದರೆ ಗಾಡಿ ಬಿಡುವುದಿಲ್ಲ. ಇಂದು ಫಾರ್ಮನ್ನು ಮೆಲ್ಲನೆ ಮಡಚತೊಡಗಿದಳು.

ಆ ಮಡಿಕೆಯನ್ನು ನನಗೆ ನೋಡಲಾಗಲಿಲ್ಲ. ಅವಳ ಕೈಯಿಂದ ಕಾಗದ ಕಿತ್ತುಕೊಂಡೆ.

"ಮುಟ್ಟಲಿಲ್ಲ ಯಾಕಂದ್ರ ನಾ ಹೆದರಿ ಕೂತೆ," ಎಂದೆ. "ಅತ್ತುಬಿಟ್ಟೆ. ಕೈಕಾಲು ಬಿಟ್ಟು ಅತ್ತೆ. ಯಲ್ಲಮ್ಮನ ಗುಡ್ಡಕ್ಕ ನಾ ಚಕ್ಕಡಿ ಒಳಗ ಹೋಗಿದ್ದೆ, ಅದನ್ನೂ ಕೇಳ್ರಿ. ಇಕಿಗೆ ನಲವತ್ತು ಹೆಜ್ಜಿ ಇತ್ತು. ಬಿಟ್ಟು ಬಂದು, ನನ್ನ ಹಿಮ್ಮಡಿ ಕೈಯಾಗ ಹಿಡಕೊಂಡು ಒಂದೊಂದ ಹೆಜ್ಜಿ ಇಳಿಸಿದ್ಲು. ಗುಡ್ಡದ ಮ್ಯಾಲ ಇಕಿ ಹ್ಯಾಂಗ ಇರ್ತಾಳ ಅಂತ ಕಂಡಾಕಿ ನಾನು. ನೀವಲ್ಲ."

ಅವರ ಜೇಬಿನಿಂದಲೇ ಪೆನ್ನು ತೆಗೆದು ಪಾಲಕರ ಸಹಿಯ ಜಾಗದಲ್ಲಿ ನನ್ನ ಹೆಸರು ಬರೆದೆ. ಮ್ಯಾಟ್ರಿಕ್ ಪರೀಕ್ಷೆಯ ನಂತರ ಇಂಗ್ಲಿಷಿನಲ್ಲಿ ನಾನು ಹೆಸರು ಬರೆದದ್ದು ಅದೇ ಮೊದಲು. ಅಕ್ಷರ ದುಂಡಗೇ ಬಂದವು.

ನಮ್ಮವರು ಫಾರ್ಮು ತೆಗೆದುಕೊಂಡು ನನ್ನ ಸಹಿಯನ್ನು ಬಹಳ ಹೊತ್ತು ನೋಡಿದರು. ಗೀರೆಳೆದು ಹೊಡೆದುಹಾಕುತ್ತಾರೆ ಎಂದುಕೊಂಡೆ. ಅವರು ತಲೆಯೆತ್ತಿ ತಂಗಿಯನ್ನು ನೋಡಿದರು.

"ಹಿಮಾಲಯದಾಗೂ ಯಾರರೆ ಹಿಂಗ ಹೆದರಿ ಕೂತ್ರ?"

"ಹೊಳ್ಳಿ ಬರ್ತೀನಿ."

"ತುದಿ ನಲವತ್ತ ಹೆಜ್ಜಿ ಇದ್ರೂ?"

"ಹತ್ತು ಇದ್ರೂ ಬರ್ತೀನಿ, ಅಣ್ಣ."

"ಹಂಗಾರ ಹೋಗು," ಎಂದರು. ಕೋಟು ಹಾಕಿಕೊಂಡು, ರಾತ್ರಿಯ ಮೇಲ್ ಗಾಡಿಯ ಅಂಚೆಗೆ ಸಿಗಲೆಂದು, ಫಾರ್ಮಿನ ಲಕೋಟೆಯನ್ನು ತಾವೇ ಸ್ಟೇಷನ್ನಿಗೆ ಒಯ್ದರು.